ದಿಂಬಂ ಇಳಿಯದೆ ಸಿಗಬೇಕಾದ ಚಿಕಿತ್ಸೆ

ತಾಳವಾಡಿ ಬೆಟ್ಟಗಳಲ್ಲಿ ರಾತ್ರಿಯೆಲ್ಲ ಎದ್ದಿರುವ ಹುಡುಗನನ್ನು ಕಂಡು ಯಾರೂ ಗಾಬರಿಯಾಗುವುದಿಲ್ಲ. ಮುಸುಕಿನ ಜೋಳಕ್ಕೂ ಬಾಳೆಗೂ ಆನೆ ನುಗ್ಗುವ ಸೀಮೆಯಲ್ಲಿ ಕಾವಲು ಕೂರುವುದು ಮಾಮೂಲು. ಕಾವಲಿಲ್ಲದ ದಿನವೂ ನಿದ್ದೆ ಬಾರದೆ, ಯಾರೋ ಹೆಸರು ಹಿಡಿದು ಕೂಗಿದಂತಾಗಿ, ಊರೆಲ್ಲ ತನ್ನನ್ನೇ ಆಡಿಕೊಳ್ಳುತ್ತಿದೆ ಎಂದು ಅವನು ಮೂಲೆ ಹಿಡಿಯುವ ಹೊತ್ತಿಗೆ ತಿಂಗಳುಗಳೇ ಉರುಳಿರುತ್ತವೆ. ಗಾಳಿ ಸೋಕಿದೆ ಎಂದು ತಡೆ ಒಡೆಸುತ್ತಾರೆ, ಬಣ್ಣಾರಿಗೋ ಮಾದಪ್ಪನ ಬೆಟ್ಟಕ್ಕೋ ಹರಕೆ ಹೊರುತ್ತಾರೆ. ಹರಕೆ ಹೊರಲಿ, ಅಡ್ಡಿಯಿಲ್ಲ. ಆದರೆ ಇದು ಸೈಕೋಸಿಸ್ ಎಂಬ ಮನೋರೋಗ; ಮದ್ದು ತಡವಾದಷ್ಟೂ ಚೇತರಿಕೆ ಕಷ್ಟ.

ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಇಲ್ಲಿ ಬಹುಪಾಲು ಮನೆಗಳಲ್ಲಿ ಕನ್ನಡವೇ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಇಲ್ಲೇ. ಜಿಲ್ಲಾ ಕೇಂದ್ರ ಮುಟ್ಟಲು ದಿಂಬಂ ಘಾಟಿಯ 27 ತಿರುವು ಇಳಿದು 100 ಕಿ.ಮೀ.ಗೂ ಹೆಚ್ಚು ಹೋಗಬೇಕು. ಚಾಮರಾಜನಗರ ಅದಕ್ಕಿಂತ ಎಷ್ಟೋ ಹತ್ತಿರ. ದೂರದ ಜೊತೆಗೆ ಭಾಷೆಯ ತೊಡಕೂ ಇದೆ. ಮೂಳೆ ಮುರಿದರೆ ಎಕ್ಸ್‌ರೇ ಹೇಳುತ್ತದೆ, ಈ ಕಾಯಿಲೆಯಲ್ಲಿ ರೋಗಿಯೇ ಹೇಳಬೇಕು. ಕಿವಿಯಲ್ಲಿ ಕೇಳುವ ದನಿ ಏನೆಂದು ಬೈಯುತ್ತದೆ ಎಂಬುದನ್ನು ಅರೆಬರೆ ತಮಿಳಿನಲ್ಲಿ ಹೇಗೆ ಹೇಳಿಯಾನು?

ಊರಿನ ಬಳಿಯೇ ಚಿಕಿತ್ಸೆ ಕೊಡುವ ದಾರಿಯಂತೂ ಹೊಸದಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ತೋರಿಸಿತು; 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ ಊರಿನಲ್ಲೇ ಚಿಕಿತ್ಸೆ ಕೊಡಿಸಿತು. ಗೋವಾ, ಸಾತಾರಾ ಮತ್ತು ತಮಿಳುನಾಡಿನ ಕಾಂಚೀಪುರಂ ಭಾಗದಲ್ಲಿ 282 ರೋಗಿಗಳ ಮೇಲೆ ನಡೆದ ಅಧ್ಯಯನ 2014ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ತರಬೇತಾದ ಸ್ಥಳೀಯರು ಮನೆಗೆ ಹೋಗಿ ಬಂದರೆ ಗುಣ ತುಸು ಹೆಚ್ಚು ಎಂದಿತು ಅದು. ಪವಾಡವೇನಲ್ಲ. ಆದರೆ ಎದ್ದು ಕಾಣುವ ಫಲ ಸಿಕ್ಕಿದ್ದು ಸೌಲಭ್ಯ ಕಡಿಮೆಯಿದ್ದ ತಮಿಳುನಾಡಿನ ಹಳ್ಳಿಗಾಡಿನಲ್ಲಿ. ತಾಳವಾಡಿಯವರು ಗಮನಿಸಬೇಕಾದ್ದು ಇದನ್ನೇ.

ಮನೆಗೆ ಹೋದವರು ಮಾಡುವುದೇನು? ಹುಡುಗ ಕೊಂಚ ಸುಧಾರಿಸುತ್ತಲೇ ಮಾತ್ರೆ ನಿಲ್ಲುತ್ತದೆ. ಕೈ ನಡುಗಿ, ಹಗಲೂ ತೂಕಡಿಸುವಂತಾದರೆ ಯಾರು ತಾನೇ ನುಂಗುತ್ತಾರೆ? ಅದನ್ನು ಡಾಕ್ಟರಿಗೆ ತಿಳಿಸಿ ಡೋಸ್ ಬದಲಿಸಿಕೊಂಡು ಬರಬೇಕು. ಮೊದಲ ಸಲದ ಕಾಯಿಲೆಗೂ ಒಂದೆರಡು ವರ್ಷ ಮದ್ದು ಬೇಕೆಂದು ಅವ್ವನಿಗೆ ತಿಳಿಯಹೇಳಬೇಕು. ‘ಸೋಮಾರಿ’ ಎಂದು ಗದರುವ ಅಪ್ಪನನ್ನು ಸುಮ್ಮನಾಗಿಸಿ, ದನ ಹೊಡೆದುಕೊಂಡು ಹೋಗುವಷ್ಟಾದರೂ ಕೆಲಸವನ್ನು ಹುಡುಗನಿಗೆ ಮತ್ತೆ ಹಚ್ಚಬೇಕು. ಇದಕ್ಕೆ ಎಂ.ಡಿ. ಬೇಡ, ಆ ಬೀದಿಯ ಗುರುತಿರುವ ಒಬ್ಬಾಕೆ ಸಾಕು.

2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಉಚಿತ ಸಂಖ್ಯೆ. ಸೇವೆಯ ಭಾಷೆಗಳಲ್ಲಿ ಕನ್ನಡವೂ ಇದೆ. ಫೋನು ಮೊದಲ ಮಾತಿಗಾಯಿತು, ತಿಂಗಳ ಮಾತ್ರೆಗೆ? ಚಾಮರಾಜನಗರದಲ್ಲಿ ಬರೆದ ಚೀಟಿಗೆ ತಾಳವಾಡಿಯ ಸರ್ಕಾರಿ ಆಸ್ಪತ್ರೆಯಲ್ಲೇ ಮಾತ್ರೆ ಸಿಗುವಂತೆ ಎರಡೂ ಜಿಲ್ಲೆಗಳ ಮಾನಸಿಕ ಆರೋಗ್ಯ ತಂಡಗಳು ಒಮ್ಮೆ ಕೂತು ಗೊತ್ತುಮಾಡಿಕೊಳ್ಳಲಿ.