ಒಂದು ಒಣದ್ರಾಕ್ಷಿ, ಎಂಟು ವಾರ

ಎಂಟು ವಾರದ ಆ ತರಗತಿಗೆ ಸೇರಿದವರ ಅಂಗೈಯಲ್ಲಿ ಮೊದಲ ದಿನ ಒಂದು ಒಣದ್ರಾಕ್ಷಿ ಇಡುತ್ತಾರೆ. ಗಬಕ್ಕನೆ ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಸುಕ್ಕು ನೋಡಬೇಕು, ಮೂಸಬೇಕು, ನಾಲಿಗೆಯ ಮೇಲಿಟ್ಟು ಕಾಯಬೇಕು, ಆಮೇಲಷ್ಟೇ ಅಗಿಯಬೇಕು. ಎಷ್ಟು ಔಷಧ ತಿಂದರೂ ಬೆನ್ನುನೋವು ಬಿಡದೆ ಬಂದವರಿಗೆ ಇದೇನು ಮಕ್ಕಳಾಟ ಅನ್ನಿಸಿದ್ದರೆ ತಪ್ಪಲ್ಲ.

1979ರಲ್ಲಿ ಅಮೆರಿಕದ ವೂಸ್ಟರ್ ಊರಿನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಈ ಧ್ಯಾನದ ತರಗತಿಯನ್ನು ಶುರುಮಾಡಿದ ಜಾನ್ ಕಬಾಟ್-ಜಿನ್ ಅಣು ಜೀವವಿಜ್ಞಾನ ಓದಿದವರು. ಝೆನ್, ವಿಪಶ್ಯನ ಎಂಬ ಎರಡು ಬೌದ್ಧ ಧ್ಯಾನ ಪದ್ಧತಿಗಳಲ್ಲೂ ಕೂತು ಪಳಗಿದವರು. ಕಾಲ್ಬೆರಳಿನಿಂದ ನೆತ್ತಿಯವರೆಗೆ ಮೈಯ ಒಂದೊಂದೇ ಭಾಗಕ್ಕೆ ಗಮನ ಹರಿಸುವ ಅವರ ಅಭ್ಯಾಸದ ಬೇರು ಬರ್ಮಾದಲ್ಲಿದೆ. ರಂಗೂನಿನಲ್ಲಿ ಇಂಥದನ್ನು ಕಲಿಸುತ್ತಿದ್ದ ಊ ಬಾ ಖಿನ್ ಸರ್ಕಾರದ ಅಕೌಂಟೆಂಟ್ ಜನರಲ್! ಮೈಗ್ರೇನ್ ಕಾಟ ತಾಳದೆ ಅವರ ಬಳಿ ಹೋದ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ 1969ರಲ್ಲಿ ಆ ವಿದ್ಯೆಯನ್ನು ಭಾರತಕ್ಕೆ ತಂದರು. ಅದೇ ಪರಂಪರೆ ಅಮೆರಿಕವನ್ನೂ ಮುಟ್ಟಿತು. ನೋವಿನಲ್ಲಿರುವವರು ಚಕ್ಕಂಬಕ್ಕಲ ಹಾಕಿಯಾರೇ? ಕಬಾಟ್-ಜಿನ್ ಮಲಗಿಸಿಯೇ ಮಾಡಿಸಿದರು. ಧರ್ಮದ ಮಾತನ್ನು ಬೇಕೆಂದೇ ದೂರವಿಟ್ಟರು. ಬುದ್ಧನ ಹೆಸರೆತ್ತಿದ್ದರೆ ಆಸ್ಪತ್ರೆ ಒಳಗೆ ಬಿಟ್ಟುಕೊಳ್ಳುತ್ತಿತ್ತೇ ಎಂಬ ಅನುಮಾನ ನನಗಿದೆ.

1990ರ ದಶಕದಲ್ಲಿ ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಇತ್ತ ತಿರುಗಿದರು. ವಾಸಿಯಾದ ಖಿನ್ನತೆ ಮರುಕಳಿಸುವುದೇ ಅವರ ತಲೆನೋವಾಗಿತ್ತು. 'ನಾನು ಕೆಲಸಕ್ಕೆ ಬಾರದವನು' ಎಂಬ ಯೋಚನೆ ನಿಜವೇ ಎಂದು ಪಟ್ಟುಹಿಡಿದು ಪರೀಕ್ಷಿಸುವುದು ಕಾಗ್ನಿಟಿವ್ ಥೆರಪಿಯ ದಾರಿ. ಆದರೆ ನಿಜವಾಗಿ ಫಲ ಕೊಡುತ್ತಿರುವುದು ಆ ಯೋಚನೆಯಿಂದ ತುಸು ಹಿಂದೆ ಸರಿದು, ಇದೂ ಬಂದುಹೋಗುವಂಥದ್ದು ಎಂದು ನೋಡಲು ಬರುವುದೇ ಎಂಬ ಗುಮಾನಿ ಅವರಿಗೆ ಬಂದಿತ್ತು. ಧ್ಯಾನ ಕಲಿಸುವುದೂ ಅದನ್ನೇ. ಒಂದು ತಂತ್ರ ಎರವಲು ತಂದರಾಯಿತೆಂದು ವೂಸ್ಟರ್‌ಗೆ ಹೋದರು. ಕಲಿಸುವವರು ತಾವೂ ದಿನಾ ಕೂರಬೇಕು ಎಂಬ ಮಾತು ಮೊದಲು ರುಚಿಸಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವುದು ಅಲ್ಲಿ ನಡೆಯದು, ಕಡೆಗೆ ಕೂತರು. ಖಿನ್ನತೆ ಮರುಕಳಿಸದಂತೆ ತಡೆಯಲೆಂದೇ ತಮ್ಮದೊಂದು ತರಗತಿ ರೂಪಿಸಿದರು.

ವಾಸಿಯಾಗಿದ್ದ 145 ಮಂದಿಯ ಮೇಲೆ ಅವರು ನಡೆಸಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಮೂರು ಅಥವಾ ಹೆಚ್ಚು ಸಲ ಖಿನ್ನತೆಗೆ ಬಿದ್ದವರಲ್ಲಿ, ಎಂದಿನ ಚಿಕಿತ್ಸೆಯಲ್ಲೇ ಇದ್ದವರ ಪೈಕಿ ಶೇ 66 ಮಂದಿಗೆ ಕಾಯಿಲೆ ಮರಳಿತು. ತರಗತಿಗೂ ಹೋದವರಲ್ಲಿ ಶೇ 37 ಮಂದಿಗೆ. ಎರಡೇ ಸಲ ಬಿದ್ದವರಿಗೆ ಪ್ರಯೋಜನ ಕಾಣಲಿಲ್ಲ. ಹತ್ತು ನಿಮಿಷ ಕಣ್ಣು ಮುಚ್ಚಿಸಿ ಸಕಲ ರೋಗಕ್ಕೂ ಮದ್ದು ಎನ್ನುವ ಮೊಬೈಲ್ ಆ್ಯಪ್‌ಗಳು ಈ ಕೊನೆಯ ಸಾಲನ್ನು ನುಂಗಿಬಿಡುತ್ತವೆ. 2004ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಅದನ್ನು ಮರೆಯಲಿಲ್ಲ: ಈ ತರಗತಿಯನ್ನು ಅದು ಶಿಫಾರಸು ಮಾಡಿದ್ದು ಮೂರು ಸಲವಾದರೂ ಬಿದ್ದು, ಸದ್ಯಕ್ಕೆ ಎದ್ದು ನಿಂತವರಿಗೆ.