ಬಂಡೆ ಬಲಕ್ಕಿದ್ದರೆ ದಾರಿ ನಿಮ್ಮದು

ಇಬ್ಬರು ಆಕಾಶದಲ್ಲಿ ಎದುರುಬದುರಾಗಿ ಬರುತ್ತಿದ್ದಾರೆ. ನಿಲ್ಲಲು ಇಬ್ಬರಿಗೂ ಬ್ರೇಕ್ ಇಲ್ಲ. ಒಂದು ಪಕ್ಕ ಬಂಡೆಗೋಡೆ, ಇನ್ನೊಂದು ಪಕ್ಕ ಪೆಸಿಫಿಕ್ ಸಾಗರ. ಯಾರು ಯಾರಿಗೆ ದಾರಿ ಬಿಡಬೇಕು?

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ನಗರದ ಟೊರಿ ಪೈನ್ಸ್ ಗ್ಲೈಡರ್‌ಪೋರ್ಟ್‌ನಲ್ಲಿ ಗಾಳಿ ಚೆನ್ನಾಗಿರುವ ದಿನ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಬಂಡೆ ಯಾರ ಬಲಕ್ಕಿದೆಯೋ ಅವರು ನೇರ ಹೋಗಬೇಕು, ಯಾರ ಎಡಕ್ಕಿದೆಯೋ ಅವರು ಕಡಲ ಕಡೆಗೆ ಸರಿಯಬೇಕು ಎಂಬುದೇ ಉತ್ತರ. ಎದುರಾದಾಗ ಇಬ್ಬರೂ ಬಲಕ್ಕೆ ತಿರುಗುವುದು ಹಾರಾಟದ ಸಾಮಾನ್ಯ ನಿಯಮ. ಬಲಕ್ಕೆ ಬಂಡೆಯೇ ಇದ್ದವನು ತಿರುಗುವುದಾದರೂ ಎಲ್ಲಿಗೆ? ಆದ್ದರಿಂದ ಜಾಗ ಇರುವವನೇ ಜಾಗ ಬಿಡುತ್ತಾನೆ. ಹಿಂತಿರುಗುವಾಗಲೂ ಯಾರೂ ಬಂಡೆಯತ್ತ ತಿರುಗುವುದಿಲ್ಲ, ಕಡಲಿನತ್ತಲೇ ತಿರುಗುತ್ತಾರೆ. ಬಟ್ಟೆಯ ರೆಕ್ಕೆಯ ಪ್ಯಾರಾಗ್ಲೈಡರ್, ಅದಕ್ಕಿಂತ ವೇಗದ ಹ್ಯಾಂಗ್ ಗ್ಲೈಡರ್, ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಎಲ್ಲಕ್ಕೂ ಇದು ಒಂದೇ ಬಯಲು. ನಿಯಮವಿದ್ದೂ 2019ರ ಮಾರ್ಚ್‌ನಲ್ಲಿ ಇಬ್ಬರು ಪ್ಯಾರಾಗ್ಲೈಡರ್ ಹಾರಾಟಗಾರರು ಇಲ್ಲಿ ಡಿಕ್ಕಿಯಾಗಿ ಪ್ರಾಣ ಕಳೆದುಕೊಂಡರು. ಹೊಸಬರಿಗೆ ಇಲ್ಲಿ ಮೊದಲ ಪಾಠವೇ ಪಕ್ಕದವರನ್ನು ನೋಡುವುದು.

ಇಷ್ಟು ಜನ ಒತ್ತೊತ್ತಾಗಿ ಹಾರುವುದೇಕೆ? ಪಡುವಣದಿಂದ ಬೀಸುವ ಕಡಲಗಾಳಿ ಮುನ್ನೂರು ಅಡಿಗೂ ಮಿಕ್ಕ ಮರಳುಗಲ್ಲಿನ ಗೋಡೆಗೆ ಬಡಿದು ಮೇಲಕ್ಕೇಳುತ್ತದೆ. ಎತ್ತಿ ಹಿಡಿಯುವ ಆ ಗಾಳಿ ಬಂಡೆಯ ಮುಂದೆ ಕಿರಿದಾದ ಪಟ್ಟಿಯಲ್ಲಷ್ಟೇ ಸಿಗುತ್ತದೆ, ಎಲ್ಲರೂ ಅದರೊಳಗೇ ಅತ್ತಿಂದಿತ್ತ ಓಡಾಡಬೇಕು. ಪ್ಯಾರಾಗ್ಲೈಡರ್‌ನಲ್ಲಿ ಹಾರುವವರು ಕಡಲಿಗೆ ಬೆನ್ನು ಹಾಕಿ, ನೆಲದ ಮೇಲೆ ಹರಡಿದ ರೆಕ್ಕೆಯನ್ನು ಗಾಳಿಗೆ ಎಬ್ಬಿಸಿ, ಅದು ತಲೆಯ ಮೇಲೆ ನಿಂತಾಗ ತಿರುಗಿ ಅಂಚಿನಾಚೆ ಹೆಜ್ಜೆಯಿಡುತ್ತಾರೆ. ಗಾಳಿ ಕೈಕೊಡದಿದ್ದರೆ ಹೊರಟಲ್ಲಿಗೇ ಬಂದಿಳಿಯಬಹುದು. ಕೈಕೊಟ್ಟರೆ ಕೆಳಗಿನ ಬ್ಲ್ಯಾಕ್ಸ್ ಬೀಚ್‌ನಲ್ಲಿ ಇಳಿದು, ರೆಕ್ಕೆ ಹೊತ್ತು ಗುಡ್ಡ ಹತ್ತಬೇಕು.

ಈ ಗಾಳಿಯ ಇತಿಹಾಸ ಹಳೆಯದು. 1927ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್, 1930ರಲ್ಲಿ ಹಾಲಿ ಬೌಲಸ್ ಎಂಬಾತ ತಯಾರಿಸಿದ ಗ್ಲೈಡರಿನಲ್ಲಿ ಸೊಲೆಡಾಡ್ ಗುಡ್ಡದಿಂದ ಹೊರಟು, ಇದೇ ಬಂಡೆಗಳ ಉದ್ದಕ್ಕೂ ಡೆಲ್ ಮಾರ್‌ವರೆಗೆ ತೇಲಿದ. ಅದೇ ವರ್ಷ, ಅದೇ ಗುಡ್ಡದಿಂದ ಹಾರಿದ ಅವನ ಹೆಂಡತಿ ಆನ್ ಮೊರೊ ಲಿಂಡ್‌ಬರ್ಗ್ ಮೊದಲ ದರ್ಜೆಯ ಗ್ಲೈಡರ್ ಪರವಾನಗಿ ಪಡೆದ ಮೊದಲ ಅಮೆರಿಕನ್ ಮಹಿಳೆಯಾದಳು. ಮರದ ಗ್ಲೈಡರ್‌ಗಳ ಹಿಂದೆ ಹ್ಯಾಂಗ್ ಗ್ಲೈಡರ್‌ಗಳು, ಅವುಗಳ ಹಿಂದೆ ಪ್ಯಾರಾಗ್ಲೈಡರ್‌ಗಳು ಬಂದವು.

ನಗರಸಭೆಗೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ಸೇರಿದ ಈ ನೆಲದ ಸುತ್ತ ಪ್ರಯೋಗಾಲಯಗಳು, ಗಾಲ್ಫ್ ಮೈದಾನ, ದುಬಾರಿ ಕಟ್ಟಡಗಳು ಎದ್ದಿವೆ. 1993ರಲ್ಲಿ ಇದು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಬಯಲು ಬಯಲಾಗಿಯೇ ಉಳಿಯುತ್ತದೆಂಬ ಭರವಸೆ ಇಲ್ಲ. ಹಾರುವವರು ಬರುತ್ತಿರಬೇಕು, ನೋಡುವವರೂ ಬರುತ್ತಿರಬೇಕು. ಮಕ್ಕಳನ್ನು ನೋಡಲು ಕ್ಯಾಲಿಫೋರ್ನಿಯಾಕ್ಕೆ ಹೋಗುವ ನಮ್ಮ ಹಿರಿಯರು ಒಂದು ಮಧ್ಯಾಹ್ನ ಇಲ್ಲಿಗೆ ಹೋಗಿ ಬರಲಿ. ನೋಡುವುದಕ್ಕೆ ಟಿಕೆಟ್ ಬೇಕಿಲ್ಲ.