‘ಇನ್’ ಎಂಬ ಪೂರ್ವಪದದ ಎರಡು ಅರ್ಥಗಳು

ಡೊಂಬಿವಲಿ, ತಳೋಜ ಮತ್ತು ಥಾಣೆ–ಬೇಲಾಪುರ ಪಟ್ಟಿಯ ಕಾರ್ಖಾನೆಗಳಿಗೆ ಹೋಗಿಬರುವ ಟ್ಯಾಂಕರುಗಳ ಬೆನ್ನಿನ ಮೇಲೆ ‘ಹೈಲಿ ಇನ್‌ಫ್ಲೇಮಬಲ್’ ಎಂಬ ಬರಹವನ್ನು ವಾಚಕರು ಕಂಡೇ ಇರುತ್ತಾರೆ. ‘ವಿಸಿಬಲ್’ ಎಂದರೆ ಕಾಣುವಂಥದು, ‘ಇನ್‌ವಿಸಿಬಲ್’ ಎಂದರೆ ಕಾಣದಂಥದು ಎಂದು ಶಾಲೆಯಲ್ಲಿ ಕಲಿತವನು ಅದೇ ನ್ಯಾಯವನ್ನು ಇಲ್ಲಿಗೂ ಅನ್ವಯಿಸಿದರೆ, ಒಳಗಿರುವುದು ಬೆಂಕಿ ಹತ್ತದ ದ್ರವವೆಂದು ತಿಳಿದಾನು. ಅರ್ಥವಾದರೋ ಇದಕ್ಕೆ ತೀರ ವಿಪರೀತವಾದುದು.

ಲ್ಯಾಟಿನ್ ಭಾಷೆಯಲ್ಲಿ ‘ಇನ್’ಗಳು ಎರಡು. ಒಂದು ನಿಷೇಧಾರ್ಥಕ, ಸಂಸ್ಕೃತದ ‘ಅ’, ‘ಅನ್’ಗಳಿಗೂ ಇಂಗ್ಲಿಷಿನ ‘ಅನ್’ಗೂ ಒಡಹುಟ್ಟಿದುದು. ಮತ್ತೊಂದಕ್ಕೆ ‘ಒಳಗೆ’, ‘ಮೇಲೆ’ ಎಂಬ ಅರ್ಥ. ಬೆಂಕಿ ಹೊತ್ತಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ‘ಇನ್‌ಫ್ಲೇಮಬಲ್’ನಲ್ಲಿರುವುದು ಈ ಎರಡನೆಯದು. ಮುಂದಿನ ಅಕ್ಷರಕ್ಕೆ ತಕ್ಕಂತೆ ಇವೆರಡೂ ಒಂದೇ ರೀತಿಯಲ್ಲಿ ರೂಪ ಬದಲಿಸುವುದರಿಂದ ತೊಡಕು ಹೆಚ್ಚುತ್ತದೆ: ‘ಇಂಪಾಸಿಬಲ್’ನಲ್ಲಿ ನಿಷೇಧ, ‘ಇಂಪೋರ್ಟ್’ನಲ್ಲಿ ಒಳಕ್ಕೆ ತರುವಿಕೆ, ‘ಇರ್ರೆಗ್ಯುಲರ್’ನಲ್ಲಿ ನಿಷೇಧ, ‘ಇರ್ರಿಗೇಷನ್’ನಲ್ಲಿ ನೀರು ಹಾಯಿಸುವಿಕೆ. ‘ಇನ್‌ವ್ಯಾಲ್ಯುಯಬಲ್’ನಲ್ಲಿ ನಿಷೇಧವಿದ್ದರೂ ಹೀನಾರ್ಥವಿಲ್ಲ; ಬೆಲೆ ಕಟ್ಟಲಾಗದುದು ಎಂದೇ ತಾತ್ಪರ್ಯ. ನಮ್ಮ ‘ಅಮೂಲ್ಯ’ವೂ ಹಾಗೆಯೇ ಅಲ್ಲವೆ?

ಇಂಗ್ಲಿಷನ್ನು ಹಳಿಯುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ‘ಅನುಕೂಲ’, ‘ಅನುಚಿತ’ಗಳ ಮೊದಲಕ್ಷರಗಳು ಒಂದೇ, ಮೊದಲನೆಯದರಲ್ಲಿರುವುದು ‘ಅನು’ ಎಂಬ ಉಪಸರ್ಗ, ಎರಡನೆಯದರಲ್ಲಿ ‘ಅನ್’ ಎಂಬ ನಿಷೇಧ. ‘ಅನುತ್ತಮ’ವೆಂದರೆ ಕೀಳಾದುದೆಂದು ಭಾವಿಸುವವರಿದ್ದಾರೆ; ಕಾವ್ಯಗಳಲ್ಲಿ ಅದು ತನಗಿಂತ ಉತ್ತಮವಾದುದಿಲ್ಲದ್ದು, ಸರ್ವೋತ್ಕೃಷ್ಟವಾದುದು.

ಆದರೆ ಕಾವ್ಯದಲ್ಲಿ ತಪ್ಪಿದರೆ ರಸಭಂಗ ಮಾತ್ರ. ಟ್ಯಾಂಕರಿನ ಬಳಿ ತಪ್ಪಿದರೆ ಪ್ರಾಣಹಾನಿ. ಆದುದರಿಂದಲೇ ಅಮೆರಿಕದ ಅಗ್ನಿರಕ್ಷಣಾ ಸಂಘವು 1920ರ ದಶಕದಲ್ಲಿಯೂ ಬ್ರಿಟನ್ನಿನ ಮಾನಕ ಸಂಸ್ಥೆಯು 1959ರಲ್ಲಿಯೂ ‘ಇನ್’ ಅನ್ನು ಕಿತ್ತುಹಾಕಿ ‘ಫ್ಲೇಮಬಲ್’ ಎಂದೇ ಬಳಸಬೇಕೆಂದು ಪ್ರತಿಪಾದಿಸಿದವು. ನಮ್ಮ ದೇಶದಲ್ಲಿ 1952ರ ಕಾಯಿದೆಯ ಹೆಸರಿನಲ್ಲಿಯೇ ಹಳೆಯ ಪದ ಕುಳಿತಿತು. 2016ರ ಮೇ 26ರಂದೂ 2024ರ ಮೇ 23ರಂದೂ ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ಸ್ಫೋಟ ಸಂಭವಿಸಿ ಜನರು ಮಡಿದುದಕ್ಕೆ ಈ ಪದವು ಕಾರಣವೆಂದು ನಾನು ಹೇಳುತ್ತಿಲ್ಲ. ಅಂಥ ನೆರೆಹೊರೆಯಲ್ಲಿ ಫಲಕದ ಮಾತು ಸಂದಿಗ್ಧವಾಗಿರಬಾರದೆಂಬುದಷ್ಟೇ ನನ್ನ ವಾದ.

ಕನ್ನಡದಲ್ಲಿ ಬರೆಯುವವರು ‘ಇನ್‌ಫ್ಲೇಮಬಲ್’ ಅನ್ನು ಲಿಪ್ಯಂತರಿಸದಿರುವುದು ಮೇಲು. ‘ದಹನಶೀಲ’ ಎಂದರೆ ಪಂಡಿತರಿಗೆ ಸಾಕು; ಕಲಬುರಗಿ, ವಿಜಯಪುರಗಳ ಕಡೆಯಿಂದ ದುಡಿಯಲು ಬಂದವನಿಗೆ ‘ಬೇಗ ಬೆಂಕಿ ಹತ್ತುತ್ತದೆ’ ಎಂದು ಬರೆದರಾಯಿತು.